ಬೀಗ ಅಪ್ಪಂದು, ಬೀಗದ ಕೈ ಮಗಂದು!

ತುಮಕೂರು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಗಲ್ಲಾಪೆಟ್ಟಿಗೆಗೆ ಒಂದು ಬೀಗ, ಗೋಡೌನಿಗೆ ಎರಡು ಬೀಗ, ರೋಲಿಂಗ್ ಶಟರ್‌ಗೆ ಆ ಬದಿ ಈ ಬದಿ ಒಂದೊಂದು ಬೀಗ. ಎಲ್ಲ ಬೀಗದ ಕೈಗಳೂ ಒಂದೇ ಗೊಂಚಲಲ್ಲಿ ಯಜಮಾನರ ಸೊಂಟದಲ್ಲೇ ಜೋತಾಡುತ್ತಿರುತ್ತವೆ. ಮನೆಯಾಕೆಯ ಕೈಗೂ ಆ ಗೊಂಚಲು ಸಿಕ್ಕಿದ್ದಿಲ್ಲ.

ಆದರೆ ಅಂಗಡಿಯ ಇಡೀ ಲೆಕ್ಕಾಚಾರ ಕೂತಿರುವ ಕಂಪ್ಯೂಟರಿನ ಬೀಗದ ಕೈ?

ಅದು ಏಳನೇ ಕ್ಲಾಸಿನ ಮಗರಾಯನ ಹತ್ತಿರ!

ಇದು ಗೊತ್ತಾದದ್ದು ತಿಂಗಳ 19ನೇ ತಾರೀಖಿನ ಸಂಜೆ. ಮಾರನೇ ದಿನ ಜಿಎಸ್‌ಟಿ 3ಬಿ ರಿಟರ್ನ್ ಹಾಕಲು ಕಡೇ ದಿನ. ಲ್ಯಾಪ್‌ಟಾಪ್ ತೆಗೆದರೆ ಟ್ಯಾಲಿ ಏಳುತ್ತಿಲ್ಲ. ಪರದೆ ತುಂಬ ಜಾಹೀರಾತುಗಳ ಜಾತ್ರೆ. ಒಂದನ್ನು ಮುಚ್ಚಿದರೆ ನಾಲ್ಕು ಹುಟ್ಟುತ್ತವೆ. ರಿಪೇರಿ ಹುಡುಗ ಬಂದ, ಕೂತ, ಎರಡು ನಿಮಿಷ ಕುಟ್ಟಿದ. "ಅಡ್ಮಿನ್ ಪಾಸ್‌ವರ್ಡ್ ಹೇಳಿ ಸಾರ್" ಅಂದ. ಯಜಮಾನರು ಮುಖ ಮುಖ ನೋಡಿದರು. ಮನೆಗೆ ಫೋನ್ ಹಚ್ಚಿ, "ಲೋ, ಅದೇನೋ ಅಡ್ಮಿನ್ನಂತೆ, ಅದರ ಪಾಸ್‌ವರ್ಡ್ ಏನೋ ಮಗನೇ?" ಅಂದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಂದ ಉತ್ತರ ಯಾವುದೋ ಆಟದ ವೀರನ ಹೆಸರು, ಅದರ ಮುಂದೆ 123.

ಹುಡುಗ ಕೆಟ್ಟವನೇನಲ್ಲ. ಹಗಲು ಅಂಗಡಿಯಲ್ಲಿ ಬಿಲ್ಲು ಹಾಕುವ ಲ್ಯಾಪ್‌ಟಾಪ್ ರಾತ್ರಿ ಬ್ಯಾಗಿನಲ್ಲಿ ಮನೆಗೆ ಬರುತ್ತದೆ. ಹೋಂವರ್ಕ್ ಮುಗಿದ ಮೇಲೆ ಅವನು ದುಡ್ಡು ಕೊಟ್ಟು ಕೊಳ್ಳಬೇಕಾದ ಆಟವೊಂದನ್ನು ಪುಕ್ಕಟೆ ಎಲ್ಲಿಂದಲೋ ಇಳಿಸಿಕೊಂಡ. ಆಟದ ಜೊತೆ ಕರೆಯದೆ ಬಂದ ನೆಂಟರೂ ಇದ್ದರು. "ಇದನ್ನು ಹಾಕಿಕೊಳ್ಳಲೇ?" ಅಂತ ಕಂಪ್ಯೂಟರ್ ಕೇಳಿತು. ಹುಡುಗ ಹೂಂ ಅಂದ. ಹೂಂ ಅನ್ನುವ ಅಧಿಕಾರ ಅವನಿಗೆ ಇತ್ತಲ್ಲ! ವ್ಯವಹಾರ ಅಷ್ಟಕ್ಕೇ ಮುಗಿಯಿತು.

ಹಿಂದಿನ ವಾರ ಪೆನ್‌ಡ್ರೈವಿಗೆ ಲೆಕ್ಕದ ನಕಲು ತೆಗೆದಿಟ್ಟಿದ್ದು ಪುಣ್ಯ. ರಾತ್ರಿ ಹನ್ನೊಂದೂವರೆಗೆ ಅಂತೂ ಟ್ಯಾಲಿ ಎದ್ದಿತು. ಅಷ್ಟರಲ್ಲಿ ಯಜಮಾನರು ಕುಡಿದ ಚಹಾದ ಲೆಕ್ಕ ಟ್ಯಾಲಿಯಲ್ಲೂ ಇಲ್ಲ.

ಮಂಡಿಪೇಟೆಯ ಈ ಒಂದು ಅಂಗಡಿಯ ಹಣೆಬರಹ ಇದು ಅಂತ ಯಾರೂ ನಗಬೇಕಾಗಿಲ್ಲ. ಬಿ.ಎಚ್. ರಸ್ತೆಯ ಉದ್ದಕ್ಕೂ ಹತ್ತು ಮನೆ ಹೊಕ್ಕು "ಈ ಕಂಪ್ಯೂಟರಿನ ಯಜಮಾನ ಯಾರು?" ಅಂತ ಕೇಳಿದರೆ, ದುಡ್ಡು ಕೊಟ್ಟವರು ಅಪ್ಪ, ಡಬ್ಬ ಬಿಚ್ಚಿದವರು ಮಕ್ಕಳು ಎಂಬ ಉತ್ತರವೇ ಹೆಚ್ಚು ಬಂದೀತು. ಡಬ್ಬ ಬಿಚ್ಚಿ ಮೊದಲು ಹೆಸರು, ಪಾಸ್‌ವರ್ಡ್ ಬರೆದವರನ್ನೇ ವಿಂಡೋಸ್ ಯಜಮಾನ ಅಂತ ಒಪ್ಪಿಕೊಳ್ಳುತ್ತದೆ. ವಯಸ್ಸಿಗೆ ಮರ್ಯಾದೆ ಕೊಡುವುದು ಅದಕ್ಕೆ ಗೊತ್ತಿಲ್ಲ.

ಈ ಪದ್ಧತಿ ಹೆಚ್ಚು ಬೇರೂರಿದ್ದು ಕೊರೋನಾ ಕಾಲದಲ್ಲಿ. 2020ರ ಮಾರ್ಚಿನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಜೂನ್‌ನಲ್ಲಿ ರಾಜ್ಯ ಸರ್ಕಾರ 5ನೇ ತರಗತಿವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ನಿಲ್ಲಿಸಿ ಎಂದಿತು. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ನಿಲ್ಲಿಸಬೇಕೋ ನಡೆಸಬೇಕೋ ಎಂಬ ಈ ಜಗ್ಗಾಟದ ನಡುವೆ ಅಪ್ಪ ಅಮ್ಮಂದಿರು ಸಾಲ ಮಾಡಿಯಾದರೂ ಒಂದು ಯಂತ್ರ ತಂದು ಮಗುವಿನ ಕೈಗೆ ಕೊಟ್ಟರು. ಪಾಠ ನಡೆದರೆ ಸಾಕಾಗಿತ್ತು, ಯಾರ ಹೆಸರಲ್ಲಿ ಖಾತೆ, ಯಾರ ಕೈಲಿ ಪಾಸ್‌ವರ್ಡ್ ಅಂತ ವಿಚಾರಿಸುವ ಪುರಸೊತ್ತು ಯಾರಿಗಿತ್ತು? ಶಾಲೆ ತೆರೆದು ವರ್ಷಗಳೇ ಆದವು. ಯಂತ್ರ ಮಾತ್ರ ಮಗುವಿನ ಕೈಯಲ್ಲೇ ಉಳಿಯಿತು.

ಯಜಮಾನ ಬೇರೆ, ಗುಮಾಸ್ತ ಬೇರೆ

ರಿಪೇರಿ ಹುಡುಗ ಆ ರಾತ್ರಿ ಯಜಮಾನರಿಗೆ ಹೇಳಿದ ಮಾತು ಅಂಗಡಿ ಭಾಷೆಯಲ್ಲೇ ಇತ್ತು. "ಸಾರ್, ನಿಮ್ಮ ಗುಮಾಸ್ತರು ಬಿಲ್ಲು ಬರೀತಾರೆ, ಸಾಮಾನು ಕಟ್ಟಿ ಕೊಡ್ತಾರೆ. ಅಂಗಡಿ ಗೋಡೆ ಒಡೆದು ಹೊಸ ಬಾಗಿಲು ಇಡ್ತಾರಾ? ಇಡಲ್ಲ ಅಲ್ವಾ? ಕಂಪ್ಯೂಟರಲ್ಲೂ ಹಂಗೇ. ಅಡ್ಮಿನಿಸ್ಟ್ರೇಟರ್ ಅಂದ್ರೆ ಯಜಮಾನ, ಸ್ಟ್ಯಾಂಡರ್ಡ್ ಅಂದ್ರೆ ಗುಮಾಸ್ತ. ನಿಮ್ಮ ಮಗ ಯಜಮಾನನ ಕುರ್ಚೀಲಿ ಕೂತು ಗೋಡೆ ಒಡೆದಿದ್ದಾನೆ."

ಮಕ್ಕಳ ಕಂಪ್ಯೂಟರಿಗೆ ಕಡಿವಾಣ ಹಾಕುವ ಪೇರೆಂಟಲ್ ಕಂಟ್ರೋಲ್ ಎಂಬ ವಿದ್ಯೆಯ ಬುಡವೇ ಇದು. ಇದೊಂದು ಆಗದೆ ಮಿಕ್ಕ ಯಾವ ಬೀಗ ಜಡಿದರೂ ಉಪಯೋಗವಿಲ್ಲ. ಯಜಮಾನನ ಅಧಿಕಾರ ಇರುವ ಹುಡುಗ ಹಾಕಿದ ಬೀಗವನ್ನು ಹತ್ತು ನಿಮಿಷದಲ್ಲಿ ತೆಗೆದು, ಅಪ್ಪ ಬರುವ ಹೊತ್ತಿಗೆ ಮತ್ತೆ ಹಾಕಿಡಬಲ್ಲ. ದುಡ್ಡು ಕೊಟ್ಟು ತರಿಸಿದ ದೊಡ್ಡ ದೊಡ್ಡ ಸಾಫ್ಟ್‌ವೇರುಗಳೂ ಇಲ್ಲಿಗೆ ಬಂದು ಮುಗ್ಗರಿಸುತ್ತವೆ.

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ನಯಾಪೈಸೆ ಖರ್ಚಿಲ್ಲ. ಮೊದಲು ಅಪ್ಪನದೋ ಅಮ್ಮನದೋ ಖಾತೆ ಅಡ್ಮಿನಿಸ್ಟ್ರೇಟರ್ ಆಗಿರಬೇಕು, ಅದರ ಪಾಸ್‌ವರ್ಡ್ ಮಗುವಿಗೆ ಗೊತ್ತಿರಬಾರದು. ಬೈಕಿನ ನಂಬರ್, ಮಗುವಿನ ಹುಟ್ಟುಹಬ್ಬ, ಫೋನಿನ ಪಿನ್ ಇವನ್ನೇ ಇಲ್ಲೂ ಇಟ್ಟರೆ ಬೀಗ ಹಾಕಿ ಬೀಗದ ಕೈಯನ್ನು ಚಿಲಕಕ್ಕೇ ನೇತು ಹಾಕಿದ ಹಾಗೆ. ಆಮೇಲೆ ಸೆಟ್ಟಿಂಗ್ಸ್, ಅದರೊಳಗೆ ಅಕೌಂಟ್ಸ್, ಅದರೊಳಗೆ ಫ್ಯಾಮಿಲಿ. ಅಲ್ಲಿ ಮಗುವಿಗೆ ಅಂತಲೇ ಬೇರೆ ಖಾತೆ ತೆರೆಯಲು ದಾರಿ ಇದೆ. ಮೈಕ್ರೋಸಾಫ್ಟ್ ಕಂಪನಿಯ ಲೆಕ್ಕದಲ್ಲಿ ಅಪ್ಪನಿಗೊಂದು, ಮಗುವಿಗೊಂದು ಇಮೇಲ್ ಬೇಕು. ಹಳೆಯ ಖಾತೆ, ಅಂದರೆ ಮಗ ಇಷ್ಟು ದಿನ ಯಜಮಾನನಾಗಿದ್ದ ಖಾತೆ, ಅದರಲ್ಲಿರುವ ಕಡತಗಳನ್ನು ನಕಲು ಮಾಡಿಕೊಂಡು ತೆಗೆದುಹಾಕಬೇಕು. ಅನೇಕರು ಮರೆಯುವುದು ಇದನ್ನೇ. ಮುಂಬಾಗಿಲಿಗೆ ಹೊಸ ಬೀಗ, ಹಿತ್ತಲ ಬಾಗಿಲು ಹಾರುಹೊಡೆದು ಬಿದ್ದಿರುತ್ತದೆ.

ಖಾತೆ ಬೇರೆಯಾದರೆ ಅಂಗಡಿಯವರಿಗೆ ಇನ್ನೊಂದು ಲಾಭ. ಅಪ್ಪನ ಖಾತೆಯ ಬ್ರೌಸರಿನಲ್ಲಿ ಕೂತಿರುವ ಬ್ಯಾಂಕಿನ ಪಾಸ್‌ವರ್ಡು, ಜಿಎಸ್‌ಟಿ ಲಾಗಿನ್ನು ಮಗನ ಖಾತೆಗೆ ಕಾಣುವುದಿಲ್ಲ. ಹೊಸ ಪ್ರೋಗ್ರಾಂ ಹಾಕಲು ಹೋದರೆ ಕಂಪ್ಯೂಟರ್ ಯಜಮಾನನ ಪಾಸ್‌ವರ್ಡ್ ಕೇಳುತ್ತದೆ. ಎಲ್ಲಕ್ಕೂ ಕೇಳುತ್ತದೆ ಅಂತಲ್ಲ, ಕೆಲವು ಪ್ರೋಗ್ರಾಂಗಳು ಸದ್ದಿಲ್ಲದೆ ಮಗುವಿನ ಖಾತೆಯೊಳಗೇ ಬಂದು ಕೂರುತ್ತವೆ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಆಟದ ಹೊತ್ತು ಹೆಚ್ಚಿಸಿಕೊಳ್ಳುವ ಹಳೇ ಉಪಾಯಕ್ಕೂ ಯಜಮಾನನ ಅಪ್ಪಣೆ ಬೇಕು. ಡಿ ಡ್ರೈವಿನಲ್ಲಿ ಬಟಾಬಯಲಾಗಿ ಇಟ್ಟ ಲೆಕ್ಕದ ಕಡತಗಳು ಮಾತ್ರ ಯಾರಿಗಾದರೂ ಸಿಗುವ ಸಂಭವವಿದೆ. ಟ್ಯಾಲಿಗೆ ಅದರದೇ ಪಾಸ್‌ವರ್ಡ್, ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು, ಇವೆರಡನ್ನು ಬಿಡುವ ಹಾಗಿಲ್ಲ.

ವಿಂಡೋಸ್ 7 ಇನ್ನೂ ಓಡಿಸುತ್ತಿರುವ ಪುಣ್ಯಾತ್ಮರೂ ಪೇಟೆಯಲ್ಲಿ ಇದ್ದಾರೆ. ಅದಕ್ಕೆ ಕಂಪನಿಯ ಆರೈಕೆ ನಿಂತದ್ದು 2020ರ ಜನವರಿಯಲ್ಲಿ. ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗೆದ್ದಲು ಹಿಡಿದ ಬಾಗಿಲಿಗೆ ಎಷ್ಟು ಗಟ್ಟಿ ಬೀಗ ಹಾಕಿದರೇನು?

ನೆಲಮಂಗಲದಲ್ಲಿ ಬರುವ ಅರ್ಜಿ

ಮಗುವಿನ ಖಾತೆ ಆಯಿತು ಅನ್ನಿ. ಮುಂದಿನ ಕೆಲಸ ಮೊಬೈಲಿನಲ್ಲೇ ಆಗುತ್ತದೆ. ಫ್ಯಾಮಿಲಿ ಸೇಫ್ಟಿ ಎಂಬ ಆ್ಯಪ್ ಹಾಕಿಕೊಂಡರೆ ಯಾವ ವಾರ ಎಷ್ಟು ಗಂಟೆ, ಬೆಳಿಗ್ಗೆ ಎಷ್ಟಕ್ಕೆ ತೆರೆಯಬೇಕು, ರಾತ್ರಿ ಎಷ್ಟಕ್ಕೆ ಮುಚ್ಚಬೇಕು ಎಂದು ಕಟ್ಟಳೆ ಹಾಕಬಹುದು. ಹೊತ್ತು ಮುಗಿದರೆ ಕಂಪ್ಯೂಟರ್ ಮಗುವನ್ನು ಹೊರಗೆ ಹಾಕುತ್ತದೆ. ಇನ್ನಷ್ಟು ಹೊತ್ತು ಬೇಕಾದರೆ ಮಗು ಅಲ್ಲಿಂದಲೇ ಅರ್ಜಿ ಗುಜರಾಯಿಸಬಹುದು, ಅರ್ಜಿ ನೇರ ಅಪ್ಪನ ಫೋನಿಗೆ ಬರುತ್ತದೆ.

ದಿನಾ ಬೆಂಗಳೂರಿಗೆ ಹೋಗಿ ಬರುವ ತುಮಕೂರಿನ ಮಂದಿಗೆ ಇದು ಹೇಳಿ ಮಾಡಿಸಿದ ಸೌಲಭ್ಯ. ನೆಲಮಂಗಲದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಿರುತ್ತದೆ, ಜೇಬಿನಲ್ಲಿ ಟಿಂಗ್ ಅನ್ನುತ್ತದೆ, "ಇನ್ನರ್ಧ ಗಂಟೆ". ನಿಂತೇ ಪ್ರಯಾಣ ಮಾಡುತ್ತಿರುವ ಅಪ್ಪನಿಗೆ ಯೋಚಿಸುವ ತ್ರಾಣ ಎಲ್ಲಿ? ಹೆಬ್ಬೆಟ್ಟು ಒತ್ತಿ ಮಂಜೂರು ಮಾಡುತ್ತಾರೆ. ಡಾಬಸ್‌ಪೇಟೆ ಬರುವಷ್ಟರಲ್ಲಿ ಎರಡನೇ ಅರ್ಜಿ! ಕಟ್ಟಳೆಯ ಅಸಲು ಪರೀಕ್ಷೆ ನಡೆಯುವುದು ಹೀಗೆ ಸುಸ್ತಾಗಿ ಬಸ್ಸಿನ ಕಂಬಿ ಹಿಡಿದು ನಿಂತ ಹೊತ್ತಿನಲ್ಲಿ. ಮನೆಯಲ್ಲಿರುವ ಅಮ್ಮನ ಹೆಸರನ್ನೂ ಯಜಮಾನರ ಪಟ್ಟಿಗೆ ಸೇರಿಸುವ ಅವಕಾಶ ಅದೇ ಆ್ಯಪಿನಲ್ಲಿದೆ. ಮಗು ಎದುರಿಗೇ ಇರುವವರು ತೀರ್ಮಾನ ಮಾಡುವುದು ಲೇಸು. ಆದರೆ ಅಪ್ಪ ಬೇಡ ಅಂದದ್ದನ್ನು ಅಮ್ಮ ಕೊಡುವುದು, ಅಮ್ಮ ಬೇಡ ಅಂದದ್ದನ್ನು ಅಜ್ಜಿಯ ಫೋನಿನಲ್ಲಿ ನೋಡುವುದು, ಈ ರಾಜಕೀಯಕ್ಕೆ ಯಾವ ಕಂಪನಿಯೂ ಆ್ಯಪ್ ಮಾಡಿಲ್ಲ.

ಎಷ್ಟು ಹೊತ್ತು ಅಂತ ಕಟ್ಟಳೆ ಹಾಕುವುದು? ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವ ಪ್ರಕಾರ ಎರಡು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ. ಊಟ ಮಾಡಿಸಲು ಫೋನ್ ಹಿಡಿಯುವ ಮನೆಗಳಲ್ಲಿ ಈ ಲೆಕ್ಕ ಬೆಳಗಿನ ತಿಂಡಿಗೇ ಮುಗಿದುಹೋಗುತ್ತದೆ.

ಹುಟ್ಟಿದ ವರ್ಷ ಯಾರು ಬರೆದದ್ದು?

ಮಗುವಿನ ಖಾತೆ ತೆರೆಯುವಾಗ ಕಂಪ್ಯೂಟರ್ ಹುಟ್ಟಿದ ತಾರೀಖು ಕೇಳುತ್ತದೆ. ಇಡೀ ವ್ಯವಸ್ಥೆ ನಿಂತಿರುವುದೇ ಆ ಒಂದು ಅಂಕಿಯ ಮೇಲೆ. ಯಾವ ಆಟ ಯಾವ ವಯಸ್ಸಿಗೆ, ಯಾವ ಸೈಟು ಬೇಡ ಎಲ್ಲವನ್ನೂ ಅದು ಹುಟ್ಟಿದ ವರ್ಷ ನೋಡಿಯೇ ತೀರ್ಮಾನಿಸುತ್ತದೆ. ಹತ್ತು ವರ್ಷದ ಹುಡುಗ ತಾನೇ ಖಾತೆ ತೆರೆದು 1999 ಅಂತ ಬರೆದರೆ ಮುಗಿಯಿತು. ಕಂಪ್ಯೂಟರಿನ ದೃಷ್ಟಿಯಲ್ಲಿ ಅವನು ಮದುವೆ ವಯಸ್ಸಿನ ಗಂಡು!

ಸರ್ಕಾರವೂ ಈ ವಿಷಯಕ್ಕೆ ಕೈ ಹಾಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಎನ್ನುತ್ತದೆ. ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವೇ ಎಂದು ಕಂಪನಿಗಳು ಪರಿಶೀಲಿಸಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ಗುರಿಯಿಡಬಾರದು ಎಂದೆಲ್ಲ ಅದರಲ್ಲಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು, ಜಾರಿ ಹಂತ ಹಂತವಾಗಿ. ಆಸ್ಟ್ರೇಲಿಯಾ ದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆಯೇ ಇರಕೂಡದು ಎಂಬ ಕಾನೂನನ್ನು 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿತು. ಡೆಲ್ಲಿಯಲ್ಲಿ ಕಾಯ್ದೆ ಆದರೂ ಒಪ್ಪಿಗೆಯ ಓಟಿಪಿ ಬಂದು ಬೀಳುವುದು ಟೀಪಾಯಿ ಮೇಲಿನ ಅಪ್ಪನ ಫೋನಿಗೆ. ಅಪ್ಪ ಸ್ನಾನಕ್ಕೆ ಹೋಗಿರುತ್ತಾರೆ. ಫೋನಿನ ಪ್ಯಾಟರ್ನ್ ಮಗುವಿಗೆ ಬಾಯಿಪಾಠ.

ಖಾತೆಯ ಬೀಗ, ಮನೆಯ ಬೀಗ

ಬೀಗಗಳಲ್ಲಿ ಎರಡು ಬಗೆ ಇದೆ, ಜನ ಅವೆರಡನ್ನೂ ಕಲಸಿಕೊಂಡು ಮೋಸ ಹೋಗುತ್ತಾರೆ.

ಮೇಲೆ ಹೇಳಿದ್ದು ಖಾತೆಯ ಬೀಗ. ಮಗು ಮನೆಯ ವೈಫೈ ಬಿಟ್ಟು ಪಕ್ಕದ ಮನೆಯ ವೈಫೈ ಹಿಡಿದರೂ ಅದು ಜೊತೆಗೇ ಹೋಗುತ್ತದೆ. ಆದರೆ ಅದರ ಸೈಟು ಸೋಸುವ ಜರಡಿ ಕೆಲಸ ಮಾಡುವುದು ಎಡ್ಜ್ ಎಂಬ ಬ್ರೌಸರಿನಲ್ಲಿ ಮಾತ್ರ, ಜರಡಿ ಹಾಕಿದ ಮೇಲೆ ಕ್ರೋಮ್‌ನಂಥ ಇತರ ಬ್ರೌಸರುಗಳು ಮಗುವಿನ ಖಾತೆಯಲ್ಲಿ ಬಂದ್ ಆಗುತ್ತವೆ. "ಕಂಪ್ಯೂಟರ್ ಕೆಟ್ಟೋಯ್ತು, ಕ್ರೋಮ್ ಬರ್ತಿಲ್ಲ" ಅಂತ ಮಗು ಅಳುತ್ತಾ ಬಂದರೆ ಗಾಬರಿ ಬೇಡ, ಅದು ಸರಿಯಾಗಿಯೇ ನಡೆಯುತ್ತಿದೆ ಅಂತ ಅರ್ಥ.

ಇನ್ನೊಂದು ಮನೆಯ ಬೀಗ, ವೈಫೈ ಡಬ್ಬಿಯಲ್ಲಿ ಹಾಕುವುದು. ಡಬ್ಬಿಯ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಎಂಬ ಜಾಗದಲ್ಲಿ 1.1.1.3 ಎಂಬ ಅಂಕಿ ಕೂರಿಸಿದರೆ ಆ ವೈಫೈ ಹಿಡಿದ ಫೋನು, ಟಿವಿ, ಕಂಪ್ಯೂಟರ್ ಎಲ್ಲದರಲ್ಲೂ ವೈರಸ್ಸಿನ ಸೈಟುಗಳ ಜೊತೆಗೆ ಅಶ್ಲೀಲ ಸೈಟುಗಳಿಗೂ ತಡೆ ಬೀಳುತ್ತದೆ. ಕ್ಲೌಡ್‌ಫ್ಲೇರ್ ಕಂಪನಿ 2020ರ ಏಪ್ರಿಲ್‌ನಿಂದ ಪುಕ್ಕಟೆ ಕೊಡುತ್ತಿರುವ ಸೇವೆ ಇದು. ಕೇಬಲ್ಲಿನವರಿಗೆ ಹೇಳಿದರೆ ಹಾಕಿಕೊಟ್ಟಾರು. ಇದರ ದೌರ್ಬಲ್ಯ ಏನೆಂದರೆ ಅಕ್ಕನ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದ ಕ್ಷಣ ಬೀಗ ಇಲ್ಲ. ಅಂದರೆ ಒಂದು ಬೀಗ ಮಗುವಿನ ಹಿಂದೆ ಹೋಗುತ್ತದೆ, ಇನ್ನೊಂದು ಮನೆಯಲ್ಲೇ ಕೂರುತ್ತದೆ. ಎರಡೂ ಇದ್ದರೆ ಅನುಕೂಲ. ಗೆಳೆಯನ ಫೋನಿಗೆ ಎರಡೂ ಇಲ್ಲ.

ಯೂಟ್ಯೂಬ್ ಕಥೆಯೇ ಬೇರೆ. ಅದು ಒಂದೇ ಸೈಟು, ಒಳಗೆ ಲಕ್ಷಾಂತರ ಅಂಗಡಿಗಳ ಸಂತೆ. ಬಾಗಿಲು ಮುಚ್ಚಿದರೆ ಗಣಿತದ ಮೇಷ್ಟ್ರೂ ಹೊರಗೆ, ತೆರೆದರೆ ಎಲ್ಲರೂ ಒಳಗೆ. ರಿಸ್ಟ್ರಿಕ್ಟೆಡ್ ಮೋಡ್ ಎಂಬ ಗುಂಡಿ ಅದರಲ್ಲೇ ಇದೆ, ಒತ್ತಿದರೆ ದೊಡ್ಡವರ ವಿಡಿಯೋಗಳಲ್ಲಿ ಬಹಳಷ್ಟು ಮರೆಯಾಗುತ್ತವೆ, ಕಾಮೆಂಟುಗಳು ಕಾಣುವುದಿಲ್ಲ. ಪೂರಾ ಸೋಸುತ್ತದೆ ಅಂತ ಆ ಕಂಪನಿಯೇ ಹೇಳಿಕೊಂಡಿಲ್ಲ.

ದುಡ್ಡಿನ ಆಟದ ಸಂಗತಿ ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. ಆನ್‌ಲೈನ್ ಜೂಜು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆದರೆ ಆಟದೊಳಗಿನ ಬಂದೂಕಿಗೆ ಬಣ್ಣ, ವೀರನಿಗೆ ಹೊಸ ಅಂಗಿ ಮಾರುವುದು ಜೂಜಲ್ಲ, ವ್ಯಾಪಾರ. ಅದಕ್ಕೆ ದುಡ್ಡು ಹೋಗುವುದು ಅಪ್ಪನ ಕಾರ್ಡಿನಿಂದ. ಮಗುವಿನ ಖಾತೆಯಲ್ಲಿ ಪ್ರತಿ ಖರೀದಿಗೂ ಅಪ್ಪನ ಒಪ್ಪಿಗೆ ಕೇಳುವಂತೆ ಇಡಬಹುದು, ಪ್ಲೇಸ್ಟೋರಿನಲ್ಲೂ ಅಷ್ಟೇ. ಯುಪಿಐ ಪಿನ್ನು ಮಗುವಿಗೆ ಹೇಳಿ "ಹೋಗಿ ಹಾಲು ತಗೊಂಬಾ" ಅನ್ನುವ ಅಭ್ಯಾಸ ಇರುವವರು ಆ ಅಭ್ಯಾಸವನ್ನು ಈಗಲೇ ಬಿಡುವುದು ಕ್ಷೇಮ.

ಮಗಳಿಗೆ ಬೀಗ, ಮಗನಿಗೆ ಬಯಲು

ಬೀಗದ ಮಾತು ಬಂದಾಗ ಊರಲ್ಲಿ ನಡೆಯುವ ಇನ್ನೊಂದು ಅನ್ಯಾಯವನ್ನೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ಒಂಬತ್ತನೇ ಕ್ಲಾಸಿನ ಮಗಳ ಫೋನನ್ನು ಅಪ್ಪ, ಅಣ್ಣ, ಚಿಕ್ಕಪ್ಪ ಮೂವರೂ ತಪಾಸಣೆ ಮಾಡುತ್ತಾರೆ. ಅದೇ ಮನೆಯ ಆರನೇ ಕ್ಲಾಸಿನ ಮಗ ರಾತ್ರಿ ಒಂದು ಗಂಟೆಗೆ ಯಾರ್‍ಯಾರ ಜೊತೆಗೋ ಕಿರುಚಾಡುತ್ತಾ ಬಂದೂಕು ಹೊಡೆಯುತ್ತಿರುತ್ತಾನೆ. "ಗಂಡುಮಗು, ಆಡ್ಕೊಳ್ಳಲಿ ಬಿಡಿ" ಅನ್ನುತ್ತಾರೆ. ಆ ಕಡೆ ಆಡುತ್ತಿರುವವನು ಹನ್ನೆರಡರವನೋ ನಲವತ್ತರವನೋ ಯಾರಿಗೆ ಗೊತ್ತು? ಬೀಗ ಹಾಕುವುದಾದರೆ ವಯಸ್ಸು ನೋಡಿ ಹಾಕಬೇಕು. ಗಂಡೋ ಹೆಣ್ಣೋ ಎಂಬ ಲೆಕ್ಕ ವಿಂಡೋಸಿಗೂ ಬೇಕಾಗಿಲ್ಲ.

ಕದ್ದು ನೋಡುವುದು ಬೇರೆ, ಹೇಳಿ ಹಾಕುವುದು ಬೇರೆ. ಫ್ಯಾಮಿಲಿ ಸೇಫ್ಟಿಯಲ್ಲಿ ವಾರಕ್ಕೊಮ್ಮೆ ಮಗು ಏನೇನು ತೆರೆಯಿತು ಎಂಬ ವರದಿ ಇಮೇಲಿಗೆ ಬರುವಂತೆ ಮಾಡಬಹುದು. ಕೆಲವು ಅಪ್ಪಂದಿರು ಅದನ್ನು ಸಿಐಡಿ ವರದಿಯಂತೆ ಜೇಬಲ್ಲಿಟ್ಟುಕೊಂಡು, ಮಾರ್ಕ್ಸ್ ಕಾರ್ಡ್ ಬಂದ ದಿನ ಹೊರತೆಗೆಯುತ್ತಾರೆ. ಹದಿನಾಲ್ಕರ ಹುಡುಗ ಅವತ್ತಿನಿಂದ ಅಪ್ಪನ ಕಂಪ್ಯೂಟರನ್ನೇ ಮುಟ್ಟುವುದಿಲ್ಲ, ಬೇರೆ ಯಂತ್ರ ಹುಡುಕಿಕೊಳ್ಳುತ್ತಾನೆ. ನಾಳೆ ಯಾರಾದರೂ ಅವನ ಫೋಟೋ ಹಿಡಿದು ಹೆದರಿಸಿದರೆ ಬಂದು ಹೇಳುವುದೂ ಇಲ್ಲ. ಆ ಮಂಡಿಪೇಟೆಯ ಹುಡುಗ ಫೋನಿನಲ್ಲಿ ಪಾಸ್‌ವರ್ಡನ್ನು ಸುಳ್ಳಿಲ್ಲದೆ ಹೇಳಿದ್ದರಿಂದಲೇ ಅವತ್ತಿನ ರಾತ್ರಿ ರಿಟರ್ನ್ ಉಳಿಯಿತು ಎಂಬುದನ್ನು ರಿಪೇರಿಯವನೇ ಯಜಮಾನರಿಗೆ ನೆನಪಿಸಬೇಕಾಯಿತು.

ಹೀಗೆ ಹೆದರಿಸುವವರ ಕಾಟ ಶುರುವಾದರೆ ಮಕ್ಕಳ ಸಹಾಯವಾಣಿ 1098, ದುಡ್ಡು ಹೋದರೆ ಸೈಬರ್ ಅಪರಾಧದ 1930. ದುಡ್ಡಿನ ವಿಷಯದಲ್ಲಿ ಎಷ್ಟು ಬೇಗ ಫೋನ್ ಮಾಡಿದರೆ ಅಷ್ಟು ಆಸೆ. ಆಟ ಬಿಟ್ಟು ಊಟ ಬೇಡ, ನಿದ್ದೆ ಬೇಡ, ಶಾಲೆ ಬೇಡ ಎನ್ನುವ ಮಟ್ಟಕ್ಕೆ ಹೋದ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಶಟ್ ಎಂಬ ಹೆಸರಿನ ಕ್ಲಿನಿಕ್ ತೆರೆದಿದೆ. ಆ ಹಂತದಲ್ಲಿ ಲ್ಯಾಪ್‌ಟಾಪನ್ನು ಗೋಡೆಗೆ ಬಡಿದು ಪುಡಿ ಮಾಡಿದರೆ ಏನೂ ಸರಿಹೋಗುವುದಿಲ್ಲ, ಲ್ಯಾಪ್‌ಟಾಪ್ ದುಡ್ಡು ದಂಡ.

ಇಷ್ಟೆಲ್ಲ ಮಾಡುವವರು ಕಡೆಗೆ ಒಂದನ್ನು ನೋಡಿಕೊಳ್ಳಬೇಕು. ಯಜಮಾನನ ಖಾತೆಯ ಪಾಸ್‌ವರ್ಡ್ ಮರೆತರೆ ಕಂಪನಿ ಓಟಿಪಿ ಕಳಿಸುವುದು ಖಾತೆ ತೆರೆಯುವಾಗ ಬರೆಸಿದ ಮೊಬೈಲ್ ನಂಬರಿಗೆ. ಎಷ್ಟೋ ಅಂಗಡಿಗಳಲ್ಲಿ ಆ ನಂಬರು ಕೆಲಸ ಬಿಟ್ಟು ಹೋದ ಹಳೇ ಗುಮಾಸ್ತನದ್ದು, ಇಲ್ಲವೇ ರೀಚಾರ್ಜ್ ಮಾಡದೆ ಸತ್ತ ಸಿಮ್ಮಿನದು. ಅದನ್ನು ಇವತ್ತೇ ತೆಗೆಸಿ ಸ್ವಂತ ನಂಬರ್ ಹಾಕಿಸಬೇಕು. ಹಾಕಿಸುವಾಗ ಮಗನನ್ನು ಕರೆಯದೆ ರಿಪೇರಿ ಹುಡುಗನನ್ನು ಕರೆದರೆ ಒಳ್ಳೆಯದು, ಪಾಸ್‌ವರ್ಡ್ ಟೈಪ್ ಮಾಡುವ ಹೊತ್ತಿಗೆ ಅವನನ್ನೂ ಒಂದು ಕಾಫಿಗೆ ಹೊರಗೆ ಕಳಿಸಬಹುದು.